ಸರ್ವಮಂಗಳಕ್ಕ ಯಾಕೆ ಕರೀತಾರೆ?

ಕೊಟ್ಟಿಗೆಹಾರದ ಹತ್ತಿರ ಒಂದು ಕಾಫಿ ಎಸ್ಟೇಟು. ಅದರ ಕೆಲಸದವರ ಲೈನ್ ಮನೆಯಲ್ಲಿ ಯಶೋದಾ ಅಂತ ಒಬ್ಬಳು ತೋಟದ ಕೆಲಸ ಮಾಡಿಕೊಂಡಿದ್ದಾಳೆ. ಗಂಡ ಗಿರಿ ಎಸ್ಟೇಟಿನ ಪಿಕಪ್ ಓಡಿಸುತ್ತಾನೆ. ಒಬ್ಬಳೇ ಮಗಳು ನಿಖಿತಾ, ಹದಿನೇಳು ವರ್ಷ, ಮೂಡಿಗೆರೆಯಲ್ಲಿ ಪಿಯುಸಿ ಓದುತ್ತಾಳೆ.

ಕಾಫಿ ಹಣ್ಣಿನ ಕೊಯ್ಲು ಶುರುವಾದ ವಾರವೇ ನಿಖಿತಾ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟಳು. ಕೇಳಿದರೆ ಹೊಟ್ಟೆನೋವು ಅಂದಳು. ಯಶೋದಾ ಜೀರಿಗೆ ಕಷಾಯ ಕುಡಿಸಿದಳು, ದೃಷ್ಟಿ ತೆಗೆದಳು. ನೋವು ಮಾತ್ರ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಬಸ್ಸು ಹೋದ ಮೇಲೆ ಇಳಿಯುತ್ತಿತ್ತು. ಭಾನುವಾರ ಬರಲೇ ಇಲ್ಲ. ಇದೆಂಥ ನೋವು ಅಂತ ತಾಯಿಗೆ ಬಗೆಹರಿಯಲಿಲ್ಲ.

ಇದರ ನಡುವೆ ಸರ್ವಮಂಗಳಕ್ಕನ ಕಾಟ ಬೇರೆ. ಸರ್ವಮಂಗಳಕ್ಕ ಆ ಕಡೆಯ ಆಶಾ ಕಾರ್ಯಕರ್ತೆ, ನಲವತ್ತು ದಾಟಿದ ಹೆಂಗಸು. ಒಂದು ವರ್ಷದಿಂದ ಭಾನುವಾರ ಬೆಳಿಗ್ಗೆ ಶಾಲೆಯ ಹಾಲ್‌ನಲ್ಲಿ ಕರಾಟೆ ಕಲಿಯುತ್ತಿದ್ದರು. ಕಲಿತು ಸುಮ್ಮನಿದ್ದರೆ ಆಗಿತ್ತು. ಸಿಕ್ಕಿದವರನ್ನೆಲ್ಲ ನೀವೂ ಬನ್ನಿ, ಮಕ್ಕಳನ್ನೂ ಕಳಿಸಿ ಅಂತ ಕರೆಯುತ್ತಿದ್ದರು. ಅವರೊಬ್ಬರದ್ದೇ ಅಲ್ಲ, ಅಲ್ಲಿಗೆ ಹೋಗುವ ಎಲ್ಲರದ್ದೂ ಇದೇ ಚಾಳಿ. ಜನ ಸೇರಿಸಿದರೆ ಇವರಿಗೆ ಏನಾದರೂ ಸಿಗುತ್ತದೋ ಅಂತ ಯಶೋದಾಗೆ ಅನುಮಾನ. ಗಿರಿಯಂತೂ, ಹೊಡೆದಾಟ ಕಲಿತು ಹೆಂಗಸರು ಯಾರನ್ನು ಹೊಡೆಯಬೇಕಂತೆ ಎಂದು ನಕ್ಕುಬಿಟ್ಟಿದ್ದ.

ಎಂಟನೇ ದಿನ ಸರ್ವಮಂಗಳಕ್ಕ ಮನೆ ಭೇಟಿಗೆ ಬಂದರು. ಹೊಟ್ಟೆನೋವಿನ ಸುದ್ದಿ ಕೇಳಿ ಮಾತ್ರೆ ಕೊಡಲಿಲ್ಲ. ನಿಖಿತಾಳ ಪಕ್ಕ ಚಾಪೆಯ ಮೇಲೆ ಕೂತು, ದಾರಿಯಲ್ಲಿ ಏನಾದರೂ ಆಯಿತಾ ಮಗಾ ಅಂತ ಮೆಲ್ಲಗೆ ಕೇಳಿದರು. ಹುಡುಗಿ ಅಳುವುದಕ್ಕೆ ಶುರು ಮಾಡಿದಳು. ಬಸ್ ಸ್ಟಾಪಿನಿಂದ ತೋಟದ ದಾರಿಯಲ್ಲಿ ಬೈಕಿನವನೊಬ್ಬ ದಿನಾ ಹಿಂದೆ ಬರುತ್ತಿದ್ದನಂತೆ. ಒಂದು ದಿನ ಅಡ್ಡ ನಿಲ್ಲಿಸಿ ಕೈ ಹಿಡಿದನಂತೆ. ಅವಳು ಕೊಸರಿಕೊಂಡು ಓಡಿ ಬಂದಿದ್ದಳು.

"ಕೂಗಬಾರದಿತ್ತಾ?" ಅಂದಳು ಯಶೋದಾ.

"ಬಾಯಿ ತೆರೆದೆ ಅಮ್ಮ. ಸ್ವರ ಬರಲಿಲ್ಲ."

ಯಾರ ಮೇಲೆ ಸಿಟ್ಟು ಮಾಡಬೇಕು ಅಂತ ಯಶೋದಾಗೆ ತಿಳಿಯಲಿಲ್ಲ. ತಪ್ಪು ಮಗಳದ್ದಲ್ಲ, ಅವನದ್ದು ಅಂತ ಸರ್ವಮಂಗಳಕ್ಕ ಗಟ್ಟಿಯಾಗಿ ಹೇಳಿದರು. ಅವತ್ತೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿಸಿ, ಗಿರಿಯನ್ನು ಕರೆದುಕೊಂಡು ಹೋಗಿ ಪೊಲೀಸರಿಗೂ ದೂರು ಕೊಡಿಸಿದರು. ಆದರೆ ನಿಖಿತಾ ಆ ದಾರಿಯಲ್ಲಿ ಯಾವಾಗಲೂ ತಲೆ ತಗ್ಗಿಸಿಕೊಂಡೇ ನಡೆಯುತ್ತಿದ್ದಳು. ಅವನದ್ದು ಹೆಲ್ಮೆಟ್ಟು ಹಾಕಿದ ತಲೆ. ಬೈಕಿನ ನಂಬರನ್ನೂ ಅವಳು ನೋಡಿರಲಿಲ್ಲ, ಹಾಗಾಗಿ ಪೊಲೀಸರಿಗೆ ಅವನು ಸಿಗಲಿಲ್ಲ.

ಅಂದಿನಿಂದ ನಿಖಿತಾ ಹೊಟ್ಟೆನೋವಿದ್ದರೂ ಕಾಲೇಜಿಗೆ ಹೊರಟಳು; ಬೆಳಿಗ್ಗೆ ಬಿಡುವುದಕ್ಕೆ, ಸಂಜೆ ಕರೆತರುವುದಕ್ಕೆ ಅಪ್ಪನೋ ಅಮ್ಮನೋ ಬಸ್ ಸ್ಟಾಪಿನವರೆಗೆ ಹೋಗತೊಡಗಿದರು. ಭಾನುವಾರ ಯಶೋದಾ ಮಗಳನ್ನು ಕರೆದುಕೊಂಡು ಶಾಲೆಯ ಹಾಲ್‌ಗೂ ಹೋದಳು. ನಂಬಿಕೆ ಇದ್ದು ಹೋದದ್ದಲ್ಲ, ಬೇರೆ ದಾರಿ ಕಾಣದೆ ಹೋದದ್ದು.

ಅಲ್ಲಿ ನೋಡಿದರೆ ಅವಳಿಗೆ ಇನ್ನಷ್ಟು ಗೊಂದಲ. ಮೂಡಿಗೆರೆಯಿಂದ ಬರುವ ಕರಾಟೆ ಟೀಚರ್ ಹೊಡೆಯುವುದನ್ನು ಹೇಳಿಕೊಡುವ ಬದಲು ನಿಲ್ಲುವುದನ್ನು ಹೇಳಿಕೊಡುತ್ತಿದ್ದರು. ತಲೆ ಎತ್ತಿ ಎದುರಿನವರನ್ನು ನೋಡಿ, ಹೊಟ್ಟೆಯಿಂದ ಕೂಗಿ, ಬಿಡಿಸಿಕೊಳ್ಳಿ, ಜನ ಇರುವ ಕಡೆ ಓಡಿ, ಕೈ ಎತ್ತುವುದು ಬೇರೇನೂ ಉಳಿಯದಿದ್ದಾಗ ಮಾತ್ರ ಅನ್ನುತ್ತಿದ್ದರು. ಓಡುವುದನ್ನು ಕಲಿಯಲು ಕರಾಟೆ ಬೇಕಾ ಅಂತ ಯಶೋದಾ ಬೆಂಚಿನ ಮೇಲೆ ಕೂತು ಯೋಚಿಸಿದಳು. ಪಕ್ಕದಲ್ಲಿ ತೋಟದಿಂದ ರಿಟೈರ್ ಆದ ಗಿಡ್ಡಮ್ಮ ಅಭ್ಯಾಸ ಮುಗಿಸಿ ಏದುಸಿರು ಬಿಡುತ್ತಾ ಕೂತಿದ್ದಳು. ಈ ವಯಸ್ಸಿಗೆ ನಿಮಗೆ ಇದೆಲ್ಲ ಯಾಕೆ, ಸಾಲದ್ದಕ್ಕೆ ನಮ್ಮನ್ನೂ ಕರೆಯುವುದು ಯಾಕೆ ಅಂತ ಯಶೋದಾ ಕೇಳಿಯೇಬಿಟ್ಟಳು.

"ಒಬ್ಬಳೇ ಗಾಳಿಗೆ ಗುದ್ದಿದರೆ ಎಂತ ಗೊತ್ತಾಗ್ತದೆ ಮಾರಾಯ್ತಿ?" ಅಂದಳು ಗಿಡ್ಡಮ್ಮ. "ಎದುರು ಒಬ್ಬರು ನಿಲ್ಲಬೇಕು. ಅವರ ಭಯ ನನಗೆ ಕಾಣ್ತದೆ, ನನ್ನದು ಅವರಿಗೆ. ಆಮೇಲೆ ಇಬ್ಬರಿಗೂ ಸ್ವಲ್ಪ ಕಮ್ಮಿ ಆಗ್ತದೆ."

ಯಶೋದಾಗೆ ಅರ್ಥವಾದ ಹಾಗೂ ಆಯಿತು, ಆಗದ ಹಾಗೂ ಆಯಿತು.

ಮೊದಲ ವಾರ ನಿಖಿತಾಳ ಕೂಗು ಅವಳಿಗೇ ಕೇಳಿಸಲಿಲ್ಲ. ಎರಡನೇ ವಾರ ಅರ್ಧಕ್ಕೆ ಅತ್ತಳು. ನಾಲ್ಕನೇ ವಾರ ಅವಳು ಕೂಗಿದ್ದಕ್ಕೆ ಹಾಲ್‌ನ ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದುಹೋದವು. ಆ ಸೋಮವಾರ ಹೊಟ್ಟೆನೋವು ಬರಲಿಲ್ಲ.

ಫೆಬ್ರವರಿಯ ಒಂದು ಸಂಜೆ ಗಿರಿಯ ಪಿಕಪ್ ಘಾಟಿಯಲ್ಲಿ ಕೆಟ್ಟು ನಿಂತಿತು. ಯಶೋದಾ ಹಣ್ಣು ತೂಕ ಹಾಕಿಸುವ ಸಾಲಿನಲ್ಲಿದ್ದಳು. ನಿಖಿತಾ ಒಬ್ಬಳೇ ನಡೆದು ಬಂದಳು. ಅದೇ ಬೈಕು ಅಡ್ಡ ನಿಂತಿತು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಮುಂದೆ ಹಿಡಿದು, ದೂರ ನಿಲ್ಲು ಅಂತ ಕೂಗಿದಳು. ಬೇಲಿಯಾಚೆ ಹಣ್ಣು ಕೊಯ್ಯುತ್ತಿದ್ದ ಹೆಂಗಸರಿಗೆಲ್ಲ ಕೇಳಿಸಿತು. ಅವರು ಬೇಲಿ ದಾಟಿ ಬರುವಷ್ಟರಲ್ಲಿ ಅವನು ಬೈಕು ತಿರುಗಿಸಿದ್ದ. ಆದರೆ ಈ ಸಲ ನಿಖಿತಾ ನಂಬರ್ ನೋಡಿದ್ದಳು. ಹೆಂಗಸರು ಅಲ್ಲಿಂದಲೇ 112ಕ್ಕೆ ಫೋನ್ ಮಾಡಿದರು. ಮರುದಿನ ಪೊಲೀಸರು ಅವನನ್ನು ಹಿಡಿದು ಕೇಸು ಹಾಕಿದರು.

ಅಂದು ಸುದ್ದಿ ಕೇಳಿ ತೂಕದ ಸಾಲಿನಿಂದಲೇ ಓಡಿಬಂದ ಯಶೋದಾ ಮಗಳ ಮೈಕೈ ಮುಟ್ಟಿ ಮುಟ್ಟಿ ನೋಡಿದಳು.

"ಹೊಡೆದೆಯಾ?"

"ಇಲ್ಲಮ್ಮ. ಹೊಡೆಯೋ ಹಾಗೆ ಆಗಲೇ ಇಲ್ಲ."

ಹಾಗಾದರೆ ಇಷ್ಟು ವಾರ ಕಲಿತದ್ದು ಏನನ್ನು ಅಂತ ಯಶೋದಾ ಮತ್ತೆ ತಬ್ಬಿಬ್ಬಾದಳು. ಅವತ್ತು ರಾತ್ರಿ ಮನೆಗೆ ಬಂದ ಸರ್ವಮಂಗಳಕ್ಕನ ಹತ್ತಿರ, ವರ್ಷದಿಂದ ಬಾಯಿಗೆ ಬಂದು ನಿಂತಿದ್ದ ಮಾತನ್ನು ಕೇಳಿದಳು: "ನೀವು ಎಲ್ಲರನ್ನೂ ಯಾಕೆ ಕರೀತೀರಿ ಅಕ್ಕಾ?"

ಸರ್ವಮಂಗಳಕ್ಕ ಕಾಫಿ ಲೋಟ ಕೆಳಗಿಟ್ಟರು. "ಇವಳಷ್ಟು ಇದ್ದಾಗ ನನಗೂ ಹೀಗೇ ಆಗಿತ್ತು. ಯಾರಿಗೂ ಹೇಳಲಿಲ್ಲ. ಕಾಲೇಜೇ ಬಿಟ್ಟೆ. ಈಗ ಈ ಲೈನಿನಲ್ಲಿ ಯಾವ ಮಗು ಹಾಗೆ ಬಾಯಿ ಮುಚ್ಚಿಕೊಂಡು ಕೂತಿದೆ ಅಂತ ನನಗೆ ಗೊತ್ತಾಗೋದು ಹೇಗೆ? ಅದಕ್ಕೆ ಎಲ್ಲರನ್ನೂ ಕರೀತೇನೆ."

ಬಾಗಿಲಲ್ಲಿ ನಿಂತಿದ್ದ ಗಿರಿ ನೆಲ ನೋಡಿದ. ಆಮೇಲೆ, ಭಾನುವಾರ ಎಷ್ಟು ಹೊತ್ತಿಗೆ ಶುರು, ಇವಳನ್ನೂ ಸೇರಿಸಿಕೊಳ್ಳುತ್ತೀರಾ ಅಂತ ಹೆಂಡತಿಯನ್ನು ತೋರಿಸಿ ಅವನೇ ಕೇಳಿದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕರಾಟೆ ಕಲಿತವರಿಗೆ ಕಷ್ಟವೇ ಬರುವುದಿಲ್ಲ ಅಂತ ನಾವು ಹೇಳುವುದಿಲ್ಲ. ಹೆದರಿ ಸ್ವರ ಹೊರಡದಿದ್ದರೆ ಅದು ಯಾರ ತಪ್ಪೂ ಅಲ್ಲ. ಮನೆಯ ಮಗು ಸುಮ್ಮನಾಗಿದ್ದರೆ ಬೈಯಬೇಡಿ, ಪಕ್ಕದಲ್ಲಿ ಕೂತು ಕೇಳಿ. ಮಕ್ಕಳಿಗೆ 1098, ಮಹಿಳೆಯರಿಗೆ 181, ತುರ್ತಿಗೆ 112, ಈ ನಂಬರುಗಳನ್ನು ಬಾಗಿಲ ಹಿಂದೆ ಬರೆದಿಡಿ. ಊರಿನಲ್ಲಿ ಯಾರಾದರೂ ಕರಾಟೆಗೆ ಬನ್ನಿ ಅಂತ ಕರೆದರೆ, ನಂಬಿಕೆ ಇಲ್ಲದಿದ್ದರೂ ಪರವಾಗಿಲ್ಲ, ಒಂದು ಭಾನುವಾರ ಹೋಗಿ ಬೆಂಚಿನ ಮೇಲೆ ಕೂತು ನೋಡಿ. ಹೋಗುವಾಗ ಪಕ್ಕದ ಮನೆಯವಳನ್ನೂ ಕರೆಯಿರಿ. ಅವಳು ಹೇಳದೇ ಇರುವುದು ಏನಿದೆಯೋ, ನಮಗೆ ಗೊತ್ತಿಲ್ಲ.