ಬಾಳೆದಿಂಡಿನ ಸದ್ದು

ಆಯುಧಪೂಜೆಯ ದಿನ ಗೋಣಿಬೀಡಿನ ಬಿಲ್ಲು ಸಂಘಕ್ಕೆ ಮಕ್ಕಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಬರುತ್ತಿದ್ದರು. ಕುಂಕುಮ ಹಚ್ಚಿದ ಬಿದಿರು ಬಿಲ್ಲುಗಳನ್ನು ಮುಟ್ಟಿ, ಮಂಡಕ್ಕಿ ತಿಂದು, ಸಂಘಕ್ಕೆ ಸೇರುತ್ತಿದ್ದರು. ದೀಪಾವಳಿಯ ಹೊತ್ತಿಗೆ ನೋಡಿದರೆ ಮುಕ್ಕಾಲು ಪಾಲು ನಾಪತ್ತೆ. ಡ್ರಿಲ್ ಮೇಷ್ಟ್ರು ಗಣಪಯ್ಯನವರ ಕಟ್ಟಳೆ ಹಾಗಿತ್ತು: ಪೂಜೆ ಮುಗಿದ ಮೇಲೆ ಬಿಲ್ಲು ಪೆಟ್ಟಿಗೆಯೊಳಗೆ, ಭುಜ ಗಟ್ಟಿಯಾಗುವ ತನಕ ಹೊಸಬರು ಹಳೇ ಸೈಕಲ್ ಟ್ಯೂಬು ಎಳೆಯಬೇಕು.

ಗುಡ್ಡದ ಸೀಮೆಯಲ್ಲಿ ಸಮತಟ್ಟು ನೆಲವೆಂದರೆ ಗದ್ದೆ, ಇಲ್ಲವೇ ಕಾಫಿ ಒಣಗಿಸುವ ಕಣ. ಸಂಘ ನಡೆಯುತ್ತಿದ್ದದ್ದು ಬೆಳ್ಳಿಯಪ್ಪನವರ ಕಣದಲ್ಲಿ. ತೊಂಬತ್ತೇಳರ ದೀಪಾವಳಿಗೆ ಅವರು ಬಂದು ನೋಡಿ ನಕ್ಕರು.

“ಏನ್ ಮೇಷ್ಟ್ರೇ, ಬಿಲ್ಲು ಕಲಿಸ್ತೀರೋ, ಪಂಚರ್ ಹಾಕೋದು ಕಲಿಸ್ತೀರೋ? ಕಾಫಿ ಕೊಯ್ಲಿನ ತನಕ ಮಕ್ಕಳು ನಿಂತ್ರೆ ಮುಂದಿನ ವರ್ಷಾನೂ ಕಣ ನಿಮ್ದೇ. ಇಲ್ದಿದ್ರೆ ಗೊಬ್ಬರದ ಶೆಡ್ ಕಟ್ಟಿಸ್ತೀನಿ ಮಾರಾಯ್ರೆ.”

ಅದೇ ಸಂಜೆ ಗಾನವಿ ಎಂಬ ಹುಡುಗಿ ಟ್ಯೂಬು ಮಡಿಸಿ ಮೇಷ್ಟ್ರ ಕೈಗಿತ್ತಳು. “ನಾಳೆಯಿಂದ ಬರಲ್ಲ ಸಾರ್.”

“ಯಾಕಮ್ಮ, ಕೈ ನೋವಾ?”

“ಅಲ್ಲ ಸಾರ್. ಇವತ್ತು ಏನ್ ಹೊಡ್ದೆ ಅಂತ ಅಜ್ಜಿ ದಿನಾ ಕೇಳ್ತಾರೆ. ಏನ್ ಹೇಳ್ಲಿ?”

ಗಣಪಯ್ಯ ಟ್ಯೂಬನ್ನು ಹೆಗಲಿಗೆ ಹಾಕಿಕೊಂಡರು. ಜಾವಳಿ ಊರಿನಲ್ಲಿ ತಾವು ಬಿಲ್ಲು ಕಲಿಯುತ್ತಿದ್ದ ಕಾಲ ನೆನಪಾಯಿತು. ಗುರುಗಳು ಸಂತೆಗೆ ಹೋದ ದಿನ ಕದ್ದು ಬಿಟ್ಟ ಬಾಣ ಬಾಳೆದಿಂಡಿಗೆ ‘ಥಪ್’ ಎಂದು ನಾಟಿತ್ತು. ತಮ್ಮನ್ನು ಹಿಡಿದಿಟ್ಟದ್ದು ಟ್ಯೂಬಲ್ಲ, ಆ ಸದ್ದು.

ಹಬ್ಬಕ್ಕೆ ಗೇಟಿಗೆ ಕಟ್ಟಿದ್ದ ಬಾಳೆದಿಂಡನ್ನು ಬಿಚ್ಚಿ ತಂದು ಕಣದ ಮೂಲೆಯಲ್ಲಿ ನೆಟ್ಟರು. ಪೆಟ್ಟಿಗೆಯಿಂದ ಹಗುರವಾದ ಬಿಲ್ಲೊಂದನ್ನು ತೆಗೆದು, ಗಾನವಿಯನ್ನು ದಿಂಡಿನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ನಿಲ್ಲಿಸಿ ಕೈಗಿತ್ತರು.

“ಇಷ್ಟು ಹತ್ರನಾ ಸಾರ್? ಉಗುಳಿದ್ರೂ ತಾಗುತ್ತೆ!”

“ಹೊಡಿ ನೋಡಣ, ದೊಡ್ಡ ಮಾತಾಡ್ಬೇಡ.”

ಮೊದಲ ಬಾಣ ಸಿಲ್ವರ್ ಓಕ್ ಮರದ ಕಡೆಗೆಲ್ಲೋ ಹೋಯಿತು. ಉಳಿದ ಮಕ್ಕಳು ಬಿದ್ದು ಬಿದ್ದು ನಕ್ಕರು. ಎರಡನೆಯದು ಥಪ್! ದಿಂಡಿನಿಂದ ನೀರು ಜಿನುಗಿತು. ಗಾನವಿ ಚಪ್ಪಲಿಯನ್ನೂ ಮರೆತು ಮನೆ ಕಡೆ ಓಡಿದಳು, ಅಜ್ಜಿಗೆ ಹೇಳಲು. ಮರುದಿನ ಚಿಕ್ಕಪ್ಪನ ಮಕ್ಕಳನ್ನೂ ಎಳೆದುಕೊಂಡು ಬಂದಳು.

ಕೊಯ್ಲಿನ ಮೊದಲ ಹಣ್ಣು ಕಣಕ್ಕೆ ಬಂದಾಗ ಮಕ್ಕಳು ಸಾಲುಗಟ್ಟಿ ನಿಂತಿದ್ದರು. ಬೆಳ್ಳಿಯಪ್ಪನವರು ಸಾಲನ್ನು ನೋಡಿ, ಆಳುಗಳಿಗೆ ಕೂಗಿ ಹೇಳಿದರು: “ಆ ಮೂಲೆ ಬಿಟ್ಟು ಹರಡ್ರೋ! ಮೇಷ್ಟ್ರೇ, ನನಗೂ ಒಂದು ಬಾಣ ಕೊಡಿ ಮಾರಾಯ್ರೆ.”

ಎಷ್ಟೋ ಆಯುಧಪೂಜೆಗಳು ಕಳೆದವು. ಈಗ ಹೊಸಬರಿಗೆ ದಿಂಡು ನೆಡುವವಳು ಗಾನವಿ. ಗಣಪಯ್ಯ ಕಣದ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ಮೊದಲ ಥಪ್‌ಗೆ ಕಾಯುತ್ತಾರೆ.