ಹೊಳೆಯ ಗೆರೆ

“ಗೆರಿ ನೆಟ್ಟಗ ಐತ್ರಿ ಸರ್. ಸಂಜಿ ಏಳರತನಕ ಏನೂ ಕಾಳಜಿ ಇಲ್ಲ,” ಎಂದಳು ದಾನೇಶ್ವರಿ.

ಚಿಕ್ಕೋಡಿಯ ಡಿಗ್ರಿ ಕಾಲೇಜಿನಲ್ಲಿ ಗಣಿತ ಕಲಿಸುವ ಮಹಾವೀರ ಸರ್‌ಗೆ ಪುಸ್ತಕದ ಲೆಕ್ಕ ಎಂದರೆ ಅಷ್ಟಕ್ಕಷ್ಟೇ. ಊರ ಹೊಳೆಯನ್ನೇ ಎಕ್ಸೆಲ್‌ಗೆ ಹಾಕಿದರೆ ಹುಡುಗರಿಗೆ ನಿದ್ದೆ ಬರುವುದಿಲ್ಲ ಎಂಬುದು ಅವರ ನಂಬಿಕೆ. ದಾನೇಶ್ವರಿ ಸದಲಗಾದವಳು. ಅವಳ ಅಪ್ಪ ಮುರಗೆಪ್ಪ ಬೆಳಗಿನಿಂದ ತಾಸಿಗೊಮ್ಮೆ ದೂಧಗಂಗೆಯ ಸೇತುವೆಗೆ ಹೋಗಿ, ಕಂಬದ ಯಾವ ಗುರುತಿಗೆ ನೀರು ಬಂದಿದೆ ಎಂದು ಮೊಬೈಲಿಗೆ ಕಳಿಸುತ್ತಿದ್ದ. ಅವನ್ನೇ ಚುಕ್ಕಿಯಾಗಿಟ್ಟು ಅವಳು ಪರದೆಯ ಮೇಲೆ ಗೆರೆ ಎಳೆದಿದ್ದಳು. ಮಗಳ ಅಭ್ಯಾಸಕ್ಕೆ ತಾನೂ ಬೇಕಾದೆನಲ್ಲ ಎಂಬ ಹಿಗ್ಗು ಅವನಿಗೆ.

ಸರ್ ಬಗ್ಗಿ ಪರದೆ ನೋಡಿದರು. “ಗೆರಿ ನೋಡಬ್ಯಾಡವಾ, ಚುಕ್ಕಿ ನೋಡು. ಕಡೀಕಿನವು ಗೆರಿ ಬಿಟ್ಟು ಮ್ಯಾಲೆ ಹೊಂಟಾವು. ಡೊಂಕ ಗೆರಿ ಹಾಕು.”

ಹಾಕಿದಳು. ಗೆರೆ ಬಾಗಿ, ಎಲ್ಲ ಚುಕ್ಕಿಗಳನ್ನೂ ಹಾಯ್ದು ಮೇಲೆದ್ದಿತು. ಹೊಳೆದಂಡೆಯ ಘಾಟಿನ ಮೆಟ್ಟಿಲೆಲ್ಲ ಮುಳುಗುವ ಗುರುತನ್ನು ಅದು ಮುಟ್ಟಿದ್ದು ಸಂಜೆಗಲ್ಲ, ಮಧ್ಯಾಹ್ನ ಮೂರಕ್ಕೆ. ಗೋಡೆಯ ಗಡಿಯಾರದಲ್ಲಿ ಆಗಲೇ ಮೂರಾಗುತ್ತ ಬಂದಿತ್ತು.

ದಾನೇಶ್ವರಿಗೆ ಅವ್ವ ನೆನಪಾದಳು. ಹೊಳೆ ಏರಿದಾಗ ಓಣಿಯ ಹೆಂಗಸರು ಘಾಟಿಗಿಳಿದು, ಕುಬಸ, ತೆಂಗಿನಕಾಯಿ ಇಟ್ಟು ಹೊಳೆಯನ್ನೇ ಗಂಗವ್ವನೆಂದು ಉಡಿ ತುಂಬುತ್ತಾರೆ. ತುಂಬಿ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಊಟದ ಹೊತ್ತಿಗೆ ಅವ್ವ ಫೋನ್ ಮಾಡಿ ಕೇಳಿದ್ದಳು, ಇವತ್ತು ಹೋಗಬಹುದೇ ಎಂದು. ‘ನಿವಾಂತ ಹೋಗ್ರಿ, ನಮ್ಮ ಕಂಪ್ಯೂಟರ್ ಹೇಳೇತಿ’ ಎಂದು ಜಂಬದಿಂದ ಹೇಳಿದವಳು ಇವಳೇ. ಹೆತ್ತವ್ವನನ್ನು ತಾನೇ ನೀರಿಗೆ ಕಳಿಸಿಬಿಟ್ಟೆ ಎಂದುಕೊಂಡು ಫೋನಿಗೆ ಕೈಹಾಕಿದಳು.

ಅವ್ವನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಅಪ್ಪನಿಗೆ ಹಚ್ಚಿದಳು.

“ಅಪ್ಪಾ, ಅವ್ವ ಎಲ್ಲಿದಾಳ?”

“ಘಾಟಿನ್ಯಾಗ. ಉಡಿ ತುಂಬಾಕತ್ತಾರ. ಯಾಕವಾ?”

“ಎಲ್ಲಾರ್ನೂ ಮ್ಯಾಲ ಕರಿ! ಲಗೂನ ಓಡು! ನಾ ಹೇಳಿದ್ದು ತಪ್ಪೈತಿ!”

ಮುರಗೆಪ್ಪ ಫೋನ್ ಕಟ್ ಮಾಡದೆಯೇ ಓಡಿದ. ಅವನು ಓಡುವ ಸದ್ದು, ಏದುಸಿರು, ಆಮೇಲೆ ಹೆಂಗಸರ ಚೀರಾಟ. ಮಹಾವೀರ ಸರ್ ಅವಳ ಫೋನನ್ನೇ ನೋಡುತ್ತ ಬೆಂಚು ಹಿಡಿದು ನಿಂತಿದ್ದರು.

ಕಡೆಗೆ ಅವ್ವ ಲಕ್ಕವ್ವನ ದನಿ ಕೇಳಿಸಿತು. ಮೈತುಂಬ ಸಿಟ್ಟು. “ಉಡಿ ಇನ್ನಾ ಅರ್ಧಾನ ಆಗಿತ್ತು! ರಟ್ಟಿ ಹಿಡದು ದರದರ ಎಳಕೊಂಡು ಬಂದಾನ ನಿಮ್ಮಪ್ಪ! ಇಂಥಾ ಅಪಶಕುನ ಯಾರರೆ...”

ಮಾತು ಅಲ್ಲಿಗೇ ನಿಂತಿತು. ನೀರಿನ ಮೊರೆತವಷ್ಟೇ ಉಳಿಯಿತು.

“ಯವ್ವಾ?” ಎಂದಳು ದಾನೇಶ್ವರಿ. “ಯವ್ವಾ, ಮಾತಾಡ ಬೇ!”

ಲಕ್ಕವ್ವ ಮೆಲ್ಲಗೆ ಕೇಳಿದಳು.

“ನಾ ಈಗ ಕುಂತಿದ್ದ ಮೆಟ್ಲ ಎಲ್ಲೈತಿ ಬೇ?”