ಬಾಲದ ತೂಕ

ನಮ್ಮ ಯಜಮಾನರು ಡಾಕ್ಟರ್ ಸತ್ಯನಾರಾಯಣ ತೀರಿಹೋದದ್ದು ಆಸ್ಪತ್ರೆಯಲ್ಲಲ್ಲ, ಹಾರದ ವಿಮಾನವೊಂದರ ಹಿಂದಿನ ಸೀಟಿನಲ್ಲಿ. ರಿಟೈರಾದ ಮೇಲೆ, ನಾವು ನೆಲೆಸಿದ ಪರದೇಶದ ಊರು ಕಿಂಗ್ಸ್‌ಬರಿಯ ಒಂದು ಶೆಡ್ಡಿನಲ್ಲಿ, ಧಾರವಾಡದ ಇಂಜಿನಿಯರ್ ಮುರಿಗೆಪ್ಪನವರ ಜೊತೆ ಸೇರಿ ಅದನ್ನು ಕಟ್ಟುತ್ತಿದ್ದರು. ಮೊದಲ ಮಹಾಯುದ್ಧಕ್ಕೂ ಮುಂಚಿನ, ಒಂದರ ಮೇಲೊಂದು ರೆಕ್ಕೆಯಿರುವ, ಇಬ್ಬರು ಕೂರುವ ಸೈನ್ಯದ ವಿಮಾನದ ನಕಲು. ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಮಾತ್ರ ಕೊನೆಯವರೆಗೂ ಸರಿಮಾಡಲಿಲ್ಲ.

ಆ ವಿಮಾನದಲ್ಲಿ ಓಡಿಸುವವನು ಹಿಂದೆ. ಜೊತೆಗಾರ ಮುಂದೆ, ರೆಕ್ಕೆಗಳ ನಡುವೆ. ಭಾರವೆಲ್ಲ ಸಮತೂಗುವ ಜಾಗ ಅದು, ಅಲ್ಲಿ ಯಾರಿದ್ದರೂ ಇಲ್ಲದಿದ್ದರೂ ವಿಮಾನ ವಾಲುವುದಿಲ್ಲ. ಯುದ್ಧ ಬಂದಾಗ ಆ ಜೊತೆಗಾರನ ಕೈಗೆ ಬಂದೂಕು ಕೊಟ್ಟರಂತೆ. ಸುತ್ತಲೂ ಕಂಬ, ತಂತಿ. ಪಾಪ, ಎಲ್ಲಿಗೆ ಗುರಿಯಿಡುತ್ತಾನೆ? ಆ ಸೀಟು ನಿನಗೇ ಅಂದಿದ್ದರು ಇವರು. ಇದ್ದರೂ ಇಲ್ಲದಿದ್ದರೂ ಒಂದೇ ಎನ್ನುವ ಜಾಗ ನನಗೋ ಎಂದು ಉರಿದುಬಿದ್ದಿದ್ದೆ.

ಕೊನೆಯ ದಿನವೂ ಅವರು "ಬರ್ತೀನಿ" ಎಂದು ಹೊರಟರು, ನಾನು ಅಡುಗೆಮನೆಯಿಂದಲೇ "ಹೋಗಿ ಬನ್ನಿ" ಅಂದೆ. ಬರಲಿಲ್ಲ. ಬೀಗದಕೈ ಒಯ್ಯುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ. ಅದಕ್ಕೇ ಆಮೇಲೂ ಸಂಜೆಯಾದರೆ ಬಾಗಿಲು ಲಾಕ್ ಮಾಡದೆ ಬಿಡುತ್ತಿದ್ದೆ. ಮಗ ಆತ್ರೇಯ ಹೆದರಿಹೋಗಿ, "ಲೆಟ್ ಹಿಮ್ ಗೋ, ಅಮ್ಮ" ಎಂದು ಗೋಗರೆದ.

ಮರುವರ್ಷ, ೧೯೯೯ರ ಮಾರ್ಚಿನಲ್ಲಿ, ವಿಮಾನ ಮುಗಿಯಿತು. ಮ್ಯೂಸಿಯಮ್ಮಿಗೆ ಹೋಗುವ ಮುಂಚೆ ತೂಕ ನೋಡಬೇಕೆಂದು ಮುರಿಗೆಪ್ಪ ಬಾಲದ ಕೆಳಗೆ ತೂಕದ ಯಂತ್ರವಿಟ್ಟು, ಮುಂದಿನ ಸೀಟಿಗೆ ನನ್ನನ್ನೇ ಕರೆದರು. ಇವರನ್ನು ಅಲ್ಲೇ ಕಳಿಸಿಕೊಟ್ಟುಬಿಡಬೇಕೆಂದು ಗಟ್ಟಿಮನಸ್ಸು ಮಾಡಿ ಹೋದೆ. ನಮ್ಮಲ್ಲಿ ಮನೆಯಿಂದ ಹೊರಟವರಿಗೆ ಯಾರೂ ಬರೀ "ಹೋಗಿ" ಎನ್ನುವುದಿಲ್ಲ. ನಾನು ಅದನ್ನೇ ಅನ್ನಬೇಕಿತ್ತು.

ಸೀರೆ ಎತ್ತಿ ಸಿಕ್ಕಿಸಿಕೊಂಡು ಹತ್ತಿ ಕೂತೆ. ಯಂತ್ರದ ಮುಳ್ಳು ನೋಡುತ್ತಿದ್ದ ಮುರಿಗೆಪ್ಪ ಇನ್ನಷ್ಟು ಬಗ್ಗಿ ಅದನ್ನೇ ದಿಟ್ಟಿಸಿದರು.

"ವೈದೇಹಿ ಅಕ್ಕಾರ, ಹಿಂದಕ ತಿರುಗಬ್ಯಾಡ್ರಿ," ಅಂದರು. "ಬಾಲದ ತೂಕ ಏರಾಕತ್ತೈತಿ. ನೀವು ಕುಂತಿದ್ದಕ್ಕ ಇಷ್ಟು ಏರೂದಿಲ್ಲ."

ಹಿಂದಿನ ಸೀಟು ಕಿರ್ರೆಂದದ್ದು ನನಗೂ ಕೇಳಿತು. ಆಮೇಲೆ ಮೂಗಿನಲ್ಲಿ ಸೊರಸೊರ ಎಳೆಯುವ ಉಸಿರು, ಮದುವೆಯಾದಾಗಿನಿಂದ ನನ್ನ ನಿದ್ದೆ ಕೆಡಿಸಿದ ಅದೇ ಉಸಿರು, ಕುತ್ತಿಗೆಗೆ ತಾಗುವಷ್ಟು ಹತ್ತಿರ. ಹೆದರಿದೆ. ಹೆದರಿಕೆಗಿಂತ ಹೆಚ್ಚು ಸಂತೋಷವಾಯಿತು. ನಾನು ಹೇಳಿದ್ದು ಒಂದನ್ನೂ ಕೇಳದ ಮನುಷ್ಯ, ಬನ್ನಿ ಅಂದ ಮಾತನ್ನು ಮಾತ್ರ ಹಿಡಿದುಕೊಂಡು, ಮನೆಯ ತನಕ ಬರಲಾಗದೆ ಇಲ್ಲೇ ಕೂತುಬಿಟ್ಟಿದ್ದರು.

ಆತ್ರೇಯನ ಮುಖ ನೆನೆದು, ಕಣ್ಣು ಮುಚ್ಚಿ ಬಾಯಿ ತೆರೆದೆ. ನಾಲಗೆಗೆ ಗೊತ್ತಿದ್ದದ್ದು ಒಂದೇ ಮಾತು.

"ಹೋಗಿ ಬನ್ನಿ."

ಸೀಟು ಮತ್ತೊಮ್ಮೆ ಕಿರ್ರೆಂದಿತು. ಮುಳ್ಳು ಇಳಿಯಿತೆಂದು ಮುರಿಗೆಪ್ಪ ಬೆವರು ಒರೆಸಿಕೊಂಡರು, ಡಾಕ್ಟರು ಹೋದರು, ಒಳ್ಳೆಯದಾಯಿತು ಅಂದರು. ನಾನು ಮೆಲ್ಲಗೆ ಏನಂದೆನೆಂಬುದು ಅವರಿಗೆ ಕೇಳಿಸಿರಲಿಲ್ಲ.

ಸಂಜೆ ಆತ್ರೇಯ ಫೋನ್ ಮಾಡಿ, ಬಾಗಿಲು ಲಾಕ್ ಮಾಡಿದೆಯಾ ಎಂದು ಕೇಳಿದ. ಮಾಡಿದೆ ಎಂದು ಸುಳ್ಳು ಹೇಳಿ ಫೋನಿಟ್ಟೆ. ಮನೆ ಎಂದಿಲ್ಲದಷ್ಟು ನಿಶ್ಶಬ್ದವಾಗಿತ್ತು. ಕಾಫಿಗೆ ನೀರಿಡಲು ಅಡುಗೆಮನೆಗೆ ಹೋದೆ. ನಲ್ಲಿ ತೊಟ್ಟಿಕ್ಕುವುದು ನಿಂತಿತ್ತು.